ನಮ್ಮ ಎಲುಬು, ಅವರ ಉಲ್ಲೇಖ

ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುವ ಹೊತ್ತಿಗೆ, ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಅಚ್ಚಿನ ಸುದ್ದಿ ಕಾಣಿಸಿಕೊಳ್ಳುತ್ತದೆ. ಇಂಥ ವಿಶ್ವವಿದ್ಯಾಲಯದ ಇಷ್ಟು ಮಂದಿ ಪ್ರಾಧ್ಯಾಪಕರು ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿಗೆ ಸೇರಿದ್ದಾರೆ ಎಂದು. ಶಾಲು ಹೊದಿಸುತ್ತಾರೆ, ಹಾರ ಹಾಕುತ್ತಾರೆ, ಫೋಟೋ ಅಚ್ಚಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಅವರ ಸಂಗಡಿಗರು 2019ರಲ್ಲಿ ಮೊದಲು ಪ್ರಕಟಿಸಿದ, ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ಮಾಹಿತಿಯಿಂದ ತಯಾರಾಗುವ ಪಟ್ಟಿ ಅದು. ಅದರಲ್ಲಿ ಆರೋಗ್ಯ ಸಂಶೋಧಕರೂ ಧಾರಾಳವಾಗಿ ಇರುತ್ತಾರೆ. ಪಟ್ಟಿಯ ಲೆಕ್ಕಾಚಾರ ಎಷ್ಟೇ ಜಟಿಲವಿದ್ದರೂ ಅದರ ಅಡಿಪಾಯ ಒಂದೇ. ಒಬ್ಬರ ಪ್ರಬಂಧವನ್ನು ಇತರ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಹೆಸರಿಸಿದ್ದಾರೆ ಎಂಬ ಎಣಿಕೆ. ಹೀಗೆ ಹೆಸರಿಸುವುದಕ್ಕೆ ಉಲ್ಲೇಖ ಎನ್ನುತ್ತೇವೆ; ಇಂಗ್ಲಿಷ್ ಬಲ್ಲವರು ಸೈಟೇಶನ್ ಎನ್ನುತ್ತಾರೆ. ಈ ಎಣಿಕೆಗೆ ಇಟ್ಟಿರುವ ಹೆಸರು ಮಾತ್ರ ಬಹಳ ದೊಡ್ಡದು: ಪ್ರಭಾವ.

ಯಾರ ಪ್ರಭಾವ, ಯಾರ ಮೇಲೆ? ಗಣಿತದ ಸಂಶೋಧಕನ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಗಣಿತದ ಪ್ರಬಂಧವನ್ನು ಓದಬೇಕಾದವರು ಗಣಿತಜ್ಞರೇ. ಆರೋಗ್ಯ ಸಂಶೋಧಕನ ವಿಷಯ ಹಾಗಲ್ಲ. ಅವನ ಪ್ರಬಂಧದ ಒಳಗೆ ಯಾರದೋ ರಕ್ತ ಇದೆ, ಯಾರದೋ ಮಗುವಿನ ಹಲ್ಲು ಇದೆ, ಯಾರೋ ಸೇದಿಕೊಟ್ಟ ಬಾವಿಯ ನೀರು ಇದೆ. ಅವರು ಕೊಟ್ಟದ್ದು ಅವರಿಗೆ ಏನಾಗಿ ಮರಳಿತು ಎಂಬುದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳೆಯುವ ಕೋಲನ್ನು ಪ್ರಭಾವದ ಕೋಲು ಎಂದು ಕರೆಯುವುದು ಮೋಸದ ಮಾತು. ಈ ಲೇಖನದ ವಾದ ಇಷ್ಟೇ. ಅದನ್ನು ಗಡಿನಾಡಿನ ನೆಲದ ಮೇಲೆ ನಿಂತು ಹೇಳುವುದು ಅವಶ್ಯ. ಏಕೆಂದರೆ ಈ ಕೋಲು ಎಲ್ಲರಿಗಿಂತ ಹೆಚ್ಚು ಅನ್ಯಾಯ ಮಾಡುವುದು ಗಡಿಯವರಿಗೆ.

ನೀವು ಕಾಸರಗೋಡಿನವರು, ನಾವು ರಾಯದುರ್ಗ, ಮಡಕಶಿರದವರು. ನಮ್ಮಿಬ್ಬರ ನಡುವೆ ಘಟ್ಟವೂ ಇದೆ, ಬಯಲೂ ಇದೆ; ಆದರೂ ನಮ್ಮ ಜಾತಕ ಒಂದೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಸೀಳಿ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆ ಕಡೆಗೆ ಹಾಕಿದರು. 1956ರ ನವೆಂಬರ್ 1ರಂದು ನಿಮ್ಮನ್ನು ಕೇರಳಕ್ಕೆ ಸೇರಿಸಿದರು. ಮಡಕಶಿರವನ್ನು ನಕ್ಷೆಯಲ್ಲಿ ನೋಡಿದರೆ ಕರ್ನಾಟಕದ ಹೊಟ್ಟೆಯೊಳಗೆ ಚಾಚಿದ ಕೈಯಂತೆ ಕಾಣುತ್ತದೆ. ಮೂರು ದಿಕ್ಕಿಗೂ ಕರ್ನಾಟಕ. ಅಮರಾಪುರ ಮಂಡಲದ ಹೇಮಾವತಿಯಲ್ಲಿ ನೊಳಂಬರ ದೇವಾಲಯಗಳಿವೆ, ಕನ್ನಡ ಶಾಸನಗಳಿವೆ. ಅಗಳಿ, ರೊಳ್ಳ, ಗುಡಿಬಂಡೆಗಳ ಮನೆಮಾತು ಇಂದಿಗೂ ಬಹುಮಟ್ಟಿಗೆ ಕನ್ನಡ. ರಾಯದುರ್ಗದ ಕಡೆ ಡಿ. ಹಿರೇಹಾಳು, ಬೊಮ್ಮನಹಾಳುಗಳ ಮಾತೂ ಅದೇ. 2022ರ ಏಪ್ರಿಲ್‌ನಲ್ಲಿ ಆಂಧ್ರದ ಜಿಲ್ಲೆಗಳನ್ನು ಮತ್ತೆ ಹಂಚಿದಾಗ ರಾಯದುರ್ಗ ಅನಂತಪುರದಲ್ಲೇ ಉಳಿಯಿತು, ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ನಮ್ಮನ್ನು ಎಣಿಸುವವರು ಬದಲಾಗುತ್ತಲೇ ಇರುತ್ತಾರೆ. ನಾವು ಕುಡಿಯುವ ನೀರು ಮಾತ್ರ ಬದಲಾಗುವುದು ನಿಧಾನ.

ಆ ನೀರಿನಿಂದಲೇ ಮಾತು ಶುರುವಾಗಲಿ. ಅನಂತಪುರದ ಸೀಮೆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು; ವರ್ಷಕ್ಕೆ ಸುಮಾರು 550 ಮಿಲಿಮೀಟರ್. ಕೆರೆಗಳು ಬತ್ತಿದಂತೆಲ್ಲ ಜನ ಬೋರ್‌ವೆಲ್ ಹಿಡಿದು ಕಲ್ಲಿನೊಳಕ್ಕೆ ಇಳಿದರು. ಆ ಬೆಣಚು ಬಂಡೆಗಳ ಸಂದಿನಲ್ಲಿ ನಿಂತ ನೀರಿಗೆ ಫ್ಲೋರೈಡ್ ಇಳಿಯುತ್ತದೆ. ಒಂದು ಲೀಟರಿಗೆ 1.5 ಮಿಲಿಗ್ರಾಮ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಭಾರತದ ಮಾನಕ 1 ಮಿಲಿಗ್ರಾಮನ್ನೇ ಒಳ್ಳೆಯದೆನ್ನುತ್ತದೆ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕರೆಗಟ್ಟುತ್ತದೆ. ಇನ್ನೂ ಹೆಚ್ಚು ಫ್ಲೋರೈಡ್ ಇದ್ದ ನೀರನ್ನು ಹತ್ತಾರು ವರ್ಷ ಕುಡಿದವರ ಕುತ್ತಿಗೆ ತಿರುಗದು, ಬೆನ್ನು ಬಾಗದು, ಕೀಲು ಮಡಚದು. ಒಮ್ಮೆ ಬಿಗಿದ ಎಲುಬನ್ನು ಸಡಿಲಿಸುವ ಮದ್ದು ಇಲ್ಲ.

ಇದು ಹೊಸ ಶೋಧವೇನೂ ಅಲ್ಲ. ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವನ್ನು ಎಚ್. ಇ. ಷಾರ್ಟ್ ಮತ್ತು ಅವರ ಸಹೋದ್ಯೋಗಿಗಳಾದ ಪಂಡಿತ್, ರಾಘವಾಚಾರಿ ಮೊದಲಾದವರು 1937ರಲ್ಲೇ ವೈದ್ಯಕೀಯ ಪತ್ರಿಕೆಗಳಲ್ಲಿ ವಿವರಿಸಿದರು. ಅನಂತಪುರವೂ, ಆಗ ಬಳ್ಳಾರಿಯಲ್ಲಿದ್ದ ರಾಯದುರ್ಗವೂ ಅದೇ ಮದರಾಸು ಪ್ರಾಂತದಲ್ಲಿದ್ದವು ಎಂಬುದನ್ನು ಗಮನಿಸಬೇಕು. 1940ರಲ್ಲಿ ಸಿ. ಜಿ. ಪಂಡಿತ್ ಮತ್ತು ಸಂಗಡಿಗರು ಇದೇ ವಿಷಯದಲ್ಲಿ ಇನ್ನಷ್ಟು ಬರೆದರು. ಅದೇ ಪಂಡಿತರು ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಮೊದಲ ನಿರ್ದೇಶಕರಾದರು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ಅವರು ಫ್ಲೋರೈಡ್ ಸೀಮೆಯಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ವಿಕಾರವನ್ನು ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇವೆಲ್ಲ ಶ್ರದ್ಧೆಯ ಕೆಲಸಗಳು. ಇವತ್ತಿಗೂ ಭಾರತದಲ್ಲಿ ಫ್ಲೋರೋಸಿಸ್ ಬಗ್ಗೆ ಬರೆಯುವವರು ತಮ್ಮ ಪೀಠಿಕೆಯಲ್ಲಿ 1937ನ್ನು ನೆನೆಯುವುದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಉಲ್ಲೇಖದ ಕೋಲಿನಿಂದ ಅಳೆದರೆ ಆ ಪ್ರಬಂಧ ಚಿರಂಜೀವಿ.

ಈಗ ಇನ್ನೊಂದು ಕೋಲು ಹಿಡಿಯೋಣ. ಕೇಂದ್ರ ಸರ್ಕಾರ ಕುಡಿಯುವ ನೀರಿಗಾಗಿ ತಂತ್ರಜ್ಞಾನ ಮಿಷನ್ ಆರಂಭಿಸಿದ್ದು 1986ರಲ್ಲಿ. ಫ್ಲೋರೋಸಿಸ್ ತಡೆಗೆಂದೇ ಆರೋಗ್ಯ ಇಲಾಖೆಯ ರಾಷ್ಟ್ರೀಯ ಕಾರ್ಯಕ್ರಮ ಬಂದದ್ದು 2008-09ರಲ್ಲಿ. ಪ್ರಬಂಧದಿಂದ ಕಾರ್ಯಕ್ರಮಕ್ಕೆ 71 ವರ್ಷ! ನೆಲ್ಲೂರಿನಲ್ಲಿ ಆ ಸಂಶೋಧಕರು ನೋಡಿದ ಮಗು ಅಷ್ಟರಲ್ಲಿ ಬೆನ್ನು ಸೆಟೆದು, ಮುಪ್ಪಾಗಿ, ಮಣ್ಣಾಗಿರಬೇಕು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಂಥದ್ದಕ್ಕೇ ಹುಟ್ಟಿರಬೇಕು. ಆ 71 ವರ್ಷವೂ ಉಲ್ಲೇಖಗಳು ಏರುತ್ತಲೇ ಇದ್ದವು. ಒಬ್ಬ ಸಂಶೋಧಕ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ನಮ್ಮ ಎಲುಬಿನ ಕಥೆಯನ್ನು ದಾಟಿಸುತ್ತ ಹೋದರು. ಎಲುಬಿನ ಒಡೆಯನಿಗೆ ಮಾತ್ರ ಯಾರೂ ಹೇಳಲಿಲ್ಲ.

ಹೇಳಲು ಏನಿತ್ತು ಎಂದು ಕೇಳುವವರಿದ್ದಾರೆ. ಬಹಳ ಇತ್ತು. ನೀರು ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್ ಗಟ್ಟಿಯಾಗುತ್ತದೆ. ಮಳೆನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹಲ್ಲಿನ ಕೇಡು ಆಗುವುದು ಎಂಟು ವರ್ಷದೊಳಗಿನ ಮಕ್ಕಳಿಗೆ, ಒಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ. ಆದ್ದರಿಂದ ಊರಿನಲ್ಲಿ ಒಳ್ಳೆಯ ನೀರು ಒಂದೇ ಕೊಡ ಸಿಕ್ಕರೂ ಅದು ಬಸುರಿ, ಬಾಣಂತಿ ಮತ್ತು ಕೂಸಿನ ಪಾಲಾಗಬೇಕು. ಹಾಲು, ರಾಗಿ, ಸೊಪ್ಪು, ನೆಲ್ಲಿಕಾಯಿ ಉಣ್ಣುವ ದೇಹ ಒಣಕಲು ದೇಹಕ್ಕಿಂತ ಸ್ವಲ್ಪ ಹೆಚ್ಚು ತಡೆದುಕೊಳ್ಳುತ್ತದೆ. ಈ ನಾಲ್ಕು ಮಾತಿಗೆ ಪ್ರಯೋಗಾಲಯ ಬೇಡ, ಒಂದು ಹಾಳೆ ಸಾಕು. ಆದರೆ ಆ ಹಾಳೆ ರೊಳ್ಳದಲ್ಲಿ ಕನ್ನಡದಲ್ಲಿರಬೇಕು. ಅದನ್ನು ಬರೆದವನಿಗೆ ಯಾವ ಉಲ್ಲೇಖ ಸೂಚಿಯಲ್ಲೂ ಅಂಕ ಬೀಳುವುದಿಲ್ಲ.

ಈ ಎಣಿಕೆ ಎಲ್ಲಿಂದ ಬಂತೆಂದು ತಿಳಿದರೆ ಅದರ ಮೇಲಿನ ಭಕ್ತಿ ಸ್ವಲ್ಪ ಇಳಿಯಬಹುದು. ಅಮೆರಿಕದ ಯೂಜಿನ್ ಗಾರ್‌ಫೀಲ್ಡ್ ಎಂಬವರು 1955ರಲ್ಲಿ ಉಲ್ಲೇಖಗಳ ಸೂಚಿ ಮಾಡಬೇಕೆಂದು ಸೂಚಿಸಿದರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಡಿಸಿದರು. ಅವರಿಗೆ ಮಾದರಿಯಾದದ್ದು ಅಮೆರಿಕದ ವಕೀಲರು 1873ರಿಂದ ಬಳಸುತ್ತಿದ್ದ ಶೆಪರ್ಡ್ಸ್ ಸೈಟೇಶನ್ಸ್ ಎಂಬ ಗ್ರಂಥಮಾಲೆ. ಯಾವ ತೀರ್ಪನ್ನು ಮುಂದಿನ ಯಾವ ತೀರ್ಪು ಎತ್ತಿಹಿಡಿಯಿತು, ಯಾವುದು ತಳ್ಳಿಹಾಕಿತು ಎಂಬುದನ್ನು ಅದು ತೋರಿಸುತ್ತಿತ್ತು. ನ್ಯಾಯಾಲಯದಲ್ಲಿ ಉಲ್ಲೇಖಕ್ಕೆ ತೂಕವಿದೆ. ಅದರ ಮೇಲೆ ಒಬ್ಬನ ಹೊಲ, ಮನೆ, ಕೆಲವೊಮ್ಮೆ ಕೊರಳೇ ನಿಂತಿರುತ್ತದೆ. ವಿಜ್ಞಾನಕ್ಕೆ ಬರುವಾಗ ತೂಕ ಉದುರಿಹೋಯಿತು, ಸಂಖ್ಯೆ ಉಳಿಯಿತು. ಹೊಗಳಿ ಹೆಸರಿಸಿದರೂ ಒಂದು, ಬೈದು ಹೆಸರಿಸಿದರೂ ಒಂದು. ಲಸಿಕೆಗೂ ಆಟಿಸಂಗೂ ನಂಟು ಕಟ್ಟಿದ ವೇಕ್‌ಫೀಲ್ಡ್ ಪ್ರಬಂಧವನ್ನು 1998ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿತು, 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕೆ ಸಿಕ್ಕಿರುವ ಉಲ್ಲೇಖಗಳು ಸಾವಿರಗಟ್ಟಲೆ. ಇದು ಯಾವ ಬಗೆಯ ಪ್ರಭಾವ?

ಅದೇ ಗಾರ್‌ಫೀಲ್ಡರ ಮನೆಯಿಂದಲೇ ಇಂಪ್ಯಾಕ್ಟ್ ಫ್ಯಾಕ್ಟರ್ ಬಂದದ್ದು. ಒಂದು ಪತ್ರಿಕೆಯ ಹಿಂದಿನ ಎರಡು ವರ್ಷದ ಪ್ರಬಂಧಗಳಿಗೆ ಈ ವರ್ಷ ಸಿಕ್ಕ ಸರಾಸರಿ ಉಲ್ಲೇಖ ಅದು. ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂದು ಆರಿಸಲು ಮಾಡಿಕೊಂಡ ಸಾಧನ. ಅದರಿಂದ ವ್ಯಕ್ತಿಗಳನ್ನು ಅಳೆಯಬೇಡಿ ಎಂದು ಗಾರ್‌ಫೀಲ್ಡರೇ ಎಚ್ಚರಿಸಿದ್ದರು. ನಮ್ಮವರು ಕೇಳಲಿಲ್ಲ. 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ಅಧ್ಯಾಪಕರ ಅಂಕಪಟ್ಟಿಯಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರಿಗೆ ತಕ್ಕಂತೆ ಹೆಚ್ಚುವರಿ ಅಂಕ ಇಟ್ಟಿತು. ಎರಡು ವರ್ಷದ ಗವಾಕ್ಷಿಯಲ್ಲಿ ನೋಡಿದರೆ ಹತ್ತಾರು ವರ್ಷಕ್ಕೆ ಬಿಗಿಯುವ ಎಲುಬು ಹೇಗೆ ಕಂಡೀತು? 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಇನ್ನೊಂದು ಕೋಲು ಕೊಟ್ಟರು: ತಲಾ 20 ಉಲ್ಲೇಖವಾದರೂ ಇರುವ 20 ಪ್ರಬಂಧಗಳಿದ್ದರೆ ನಿಮ್ಮ ಅಂಕ 20. ಭೌತವಿಜ್ಞಾನಿಯೊಬ್ಬರು ಮಾಡಿದ ಕೋಲು ಇಂದು ಜಿಲ್ಲಾ ಆಸ್ಪತ್ರೆಯ ವೈದ್ಯನ ಬೆನ್ನಿಗೂ ಬೀಳುತ್ತಿದೆ.

ಇದರ ಫಲವೇನೆಂದು ಒಂದು ಕ್ಷಣ ಯೋಚಿಸಿ. ಉಲ್ಲೇಖ ಬೇಕಾದರೆ ಬಹುಮಂದಿ ಸಂಶೋಧಕರಿರುವ ವಿಷಯವನ್ನು ಹಿಡಿಯಬೇಕು. ಶ್ರೀಮಂತ ದೇಶಗಳ ರೋಗಗಳಿಗೆ ಸಂಶೋಧಕರು ದಂಡುದಂಡು; ಬಡವರ ನೀರಿನ ರೋಗಕ್ಕೆ ಬೆರಳೆಣಿಕೆ. ಆದ್ದರಿಂದ ಮಡಕಶಿರದ ರೋಗವನ್ನು ಆರಿಸಿಕೊಂಡ ತರುಣ ಸಂಶೋಧಕ ಓಟ ಶುರುವಾಗುವ ಮುನ್ನವೇ ಸೋತ. ಊರೂರು ಅಲೆದು ಬಾವಿ ನೀರು ತುಂಬಿಕೊಂಡವನಿಗಿಂತ, ಅಂಥ ಹತ್ತು ಜನರ ಪ್ರಬಂಧಗಳನ್ನು ಮೇಜಿನ ಮುಂದೆ ಕೂತು ಸಮೀಕ್ಷಿಸಿದವನಿಗೆ ಸಾಮಾನ್ಯವಾಗಿ ಉಲ್ಲೇಖ ಹೆಚ್ಚು. ಗಡಿಯ ಊರಿಗೆ ಇನ್ನೂ ಒಂದು ಪೆಟ್ಟಿದೆ. ಕರ್ನಾಟಕದ ಪಾವಗಡ ತಾಲೂಕು ಮಡಕಶಿರಕ್ಕೆ ಅಂಟಿಕೊಂಡೇ ಇದೆ. ಅಲ್ಲಿಯ ಫ್ಲೋರೈಡ್ ಗೋಳು ಕನ್ನಡ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಬಂಡೆ ಒಂದೇ, ನೀರು ಒಂದೇ, ಬೀಗರು ಒಬ್ಬರೇ. ಆದರೆ ನೀರಿನ ಲೆಕ್ಕ ಬೆಂಗಳೂರಿಗೆ ಒಂದು, ಅಮರಾವತಿಗೆ ಒಂದು. ಜಿಲ್ಲೆಯೊಂದರ ಹೆಸರಿಟ್ಟು ಬರೆದ ಪ್ರಬಂಧ ರಾಜ್ಯದ ಗಡಿಕಲ್ಲಿಗೆ ಬಂದು ನಿಲ್ಲುತ್ತದೆ. ಫ್ಲೋರೈಡಿಗೆ ಗಡಿಕಲ್ಲು ಕಾಣುವುದಿಲ್ಲ.

ಹಾಗಾದರೆ ಸಂಶೋಧಕರೆಲ್ಲ ಕೆಟ್ಟವರೇ? ಖಂಡಿತ ಅಲ್ಲ. ನಮ್ಮ ಸೀಮೆಯದೇ ಉದಾಹರಣೆ ನೋಡಿ. ವಿಸೆಂಟ್ ಫೆರರ್ 1969ರಲ್ಲಿ ಅನಂತಪುರಕ್ಕೆ ಬಂದು ಕಟ್ಟಿದ ಗ್ರಾಮೀಣಾಭಿವೃದ್ಧಿ ಟ್ರಸ್ಟು ಬತ್ತಲಪಲ್ಲಿ, ಕಲ್ಯಾಣದುರ್ಗ, ಕಣೇಕಲ್ಲುಗಳಲ್ಲಿ ಆಸ್ಪತ್ರೆ ನಡೆಸಿದೆ. ಕಣೇಕಲ್ಲು ನಮ್ಮ ರಾಯದುರ್ಗದ ಬಗಲಿನದೇ. ಬತ್ತಲಪಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಎಚ್‌ಐವಿ ರೋಗಿಗಳ ದಾಖಲೆಗಳನ್ನು ಆಧರಿಸಿ ಡಾ. ಗೆರಾರ್ಡೊ ಅಲ್ವಾರೆಜ್ ಉರಿಯಾ ಮತ್ತು ಸ್ಥಳೀಯ ಸಹೋದ್ಯೋಗಿಗಳು 2012ರಿಂದೀಚೆಗೆ ಸಾಲುಸಾಲಾಗಿ ಪ್ರಬಂಧಗಳನ್ನು ಹೊರತಂದರು. ರೋಗಿಗಳು ಏಕೆ ತಡವಾಗಿ ಬರುತ್ತಾರೆ, ಸಿಡಿ4 ಕಣಗಳ ಸಂಖ್ಯೆ ಇಳಿಯುವವರೆಗೆ ಕಾಯಿರಿ ಎಂದು ಕಳಿಸಿದವರಲ್ಲಿ ಎಷ್ಟು ಮಂದಿ ಮರಳಿ ಬರುವುದೇ ಇಲ್ಲ ಎಂಬಂಥ ಪ್ರಶ್ನೆಗಳನ್ನು ಕೇಳಿದರು. ಪುಸ್ತಕದ ಪ್ರಶ್ನೆಗಳಲ್ಲ ಇವು, ಆಸ್ಪತ್ರೆಯ ಬಾಗಿಲಲ್ಲಿ ಹುಟ್ಟಿದವು. ಆಗ ಎಲ್ಲರಿಗೂ ಕೂಡಲೇ ಔಷಧಿ ಕೊಡುವ ನಿಯಮ ಇರಲಿಲ್ಲ. ಪತ್ತೆಯಾದ ಪ್ರತಿಯೊಬ್ಬರಿಗೂ ಚಿಕಿತ್ಸೆ ಎಂಬ ನೀತಿಗೆ ಭಾರತ ಬಂದದ್ದು 2017ರಲ್ಲಿ. ಹೀಗೆ ದೂರದ ಒಂದು ಹಳ್ಳಿ ಆಸ್ಪತ್ರೆಯ ರಿಜಿಸ್ಟರು ಜಗತ್ತಿನ ವಿದ್ವಾಂಸರ ಮೇಜಿಗೆ ಹೋದದ್ದು ಅಭಿಮಾನದ ಸಂಗತಿ.

ಆದರೆ ಅಂಥ ಕೆಲಸದ ಬೆಲೆಯನ್ನು ಹೇಳುವ ಸಂಖ್ಯೆ ಎಲ್ಲಿದೆ? ಬಾರ್ಸಿಲೋನಾದ ಸಂಶೋಧಕನೊಬ್ಬ ಆ ಪ್ರಬಂಧವನ್ನು ಹೆಸರಿಸಿದರೆ ಗೂಗಲ್ ಸ್ಕಾಲರಿನಲ್ಲಿ ಒಂದು ಏರುತ್ತದೆ. ಬೊಮ್ಮನಹಾಳಿನ ವಿಧವೆಯೊಬ್ಬಳು ಎರಡು ವರ್ಷ ಮೊದಲೇ ಆಸ್ಪತ್ರೆಗೆ ಬಂದು ಬದುಕಿಕೊಂಡರೆ ಎಲ್ಲೂ ಏನೂ ಏರುವುದಿಲ್ಲ. ರೋಗಿಗಳು ಮೊದಲಿಗಿಂತ ಬೇಗ ಬರುತ್ತಿದ್ದಾರೆಯೇ, ಮಧ್ಯದಲ್ಲಿ ಬಿಟ್ಟುಹೋಗುವವರು ಕಡಿಮೆಯಾದರೇ ಎಂಬುದು ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಇರುತ್ತದೆ. ಅದೇ ನಿಜವಾದ ಪ್ರಭಾವಾಂಕ. ಅದನ್ನು ಎಣಿಸಬಲ್ಲವರು ಅಲ್ಲಿಯ ವೈದ್ಯರು, ನರ್ಸುಗಳು, ಆಶಾ ಕಾರ್ಯಕರ್ತೆಯರು. ಅವರನ್ನು ಕೇಳದೆ ಕಂಪ್ಯೂಟರನ್ನು ಕೇಳಿ ವಿಜ್ಞಾನಿಗೆ ಕಿರೀಟ ತೊಡಿಸುವ ಪದ್ಧತಿ ಆ ವಿಜ್ಞಾನಿಗೂ ಮಾಡುವ ಅವಮಾನ.

ಇನ್ನು ನಿಮ್ಮ ಊರಿಗೆ ಬರುತ್ತೇನೆ. ಈ ವಾದಕ್ಕೆ ಕಾಸರಗೋಡಿಗಿಂತ ದೊಡ್ಡ ಸಾಕ್ಷಿ ಜಗತ್ತಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಎಣ್ಮಕಜೆ ಪಂಚಾಯತಿನ ಪಡ್ರೆಯ ಸುತ್ತಲಿನ ಸರ್ಕಾರಿ ಗೇರು ತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಗುಡ್ಡದ ಮೇಲಿಂದ ಸುರಿದದ್ದು ತೋಡಿಗೆ ಇಳಿಯಿತು, ಸುರಂಗದ ನೀರಿಗೆ ಇಳಿಯಿತು. ಆ ಊರಲ್ಲಿ ದವಾಖಾನೆ ಇಟ್ಟಿದ್ದ ಡಾ. ವೈ. ಎಸ್. ಮೋಹನ ಕುಮಾರರು ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಹುಟ್ಟು ಅಂಗವೈಕಲ್ಯ, ಕ್ಯಾನ್ಸರುಗಳು ಅಸಹಜವಾಗಿ ಹೆಚ್ಚಿರುವುದನ್ನು ಕಂಡು, ಯಾರಾದರೂ ಬಂದು ಪರೀಕ್ಷಿಸಿ ಎಂದು ವೈದ್ಯ ಸಮುದಾಯಕ್ಕೆ 1990ರ ದಶಕದಲ್ಲಿ ಬರೆದರು. ಶ್ರೀಪಡ್ರೆಯವರು ಲೇಖನಗಳ ಮೂಲಕ ಈ ವಿಷಯವನ್ನು ಹೊರಜಗತ್ತಿಗೆ ಮುಟ್ಟಿಸಿದರು. ಪೆರಿಯದ ಕಡೆ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದರು. 2000ದಲ್ಲಿ ತಡೆಯಾಜ್ಞೆ ಬಂತು, ಹೆಲಿಕಾಪ್ಟರ್ ನಿಂತಿತು.

ಉಲ್ಲೇಖಗಣನೆಯ ಪ್ರಬಂಧ ಬಂದದ್ದು ಆಮೇಲೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೈಯದ್ ಮತ್ತು ಸಂಗಡಿಗರು ತೋಟದ ಬುಡದ ಊರಿನ 117 ಮಂದಿ ಶಾಲಾ ಹುಡುಗರನ್ನು ಬೇರೊಂದೆಡೆಯ 90 ಹುಡುಗರೊಂದಿಗೆ ಹೋಲಿಸಿ, ಎಂಡೋಸಲ್ಫಾನ್ ಗಂಡುಮಕ್ಕಳ ಪ್ರೌಢತೆಯನ್ನು ತಡಮಾಡಬಹುದು, ಹಾರ್ಮೋನುಗಳನ್ನು ಕೆಡಿಸಬಹುದು ಎಂದು 2003ರ ಡಿಸೆಂಬರಿನಲ್ಲಿ ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್ಪೆಕ್ಟಿವ್ಸ್ ಎಂಬ ಅಮೆರಿಕದ ಪತ್ರಿಕೆಯಲ್ಲಿ ಬರೆದರು. ಮಾದರಿ ಚಿಕ್ಕದೆಂದು ತಾವೇ ಒಪ್ಪಿಕೊಂಡರು, ಪ್ರಾಮಾಣಿಕರು. ಆ ಪ್ರಬಂಧಕ್ಕೆ ಬಹಳ ಉಲ್ಲೇಖಗಳು ಬಂದವು. ಅದನ್ನು ಅಲ್ಲಗಳೆಯಲು ಬರೆದ ಪತ್ರಗಳೂ ಅದೇ ಎಣಿಕೆಯೊಳಗೆ ಸೇರುತ್ತವೆ.

ಈಗ ಹೇಳಿ, ಪಡ್ರೆಯಲ್ಲಿ ಹೆಚ್ಚು ಪ್ರಭಾವ ಬೀರಿದವರು ಯಾರು? ಎಚ್-ಇಂಡೆಕ್ಸಿನ ಪ್ರಕಾರ ದವಾಖಾನೆಯ ವೈದ್ಯರಿಗೆ ಸ್ಥಾನವೇ ಇಲ್ಲ, ಪತ್ರಕರ್ತರು ಲೆಕ್ಕಕ್ಕೇ ಇಲ್ಲ, ಕೋರ್ಟಿಗೆ ಹೋದ ಹೆಂಗಸಿನ ಹೆಸರು ಯಾವ ಸೂಚಿಯಲ್ಲೂ ಇಲ್ಲ. ಆದರೆ ಹೆಲಿಕಾಪ್ಟರನ್ನು ನಿಲ್ಲಿಸಿದವರು ಇಂಥವರು ಮತ್ತು ಇವರ ಜತೆ ನಿಂತ ಊರಿನವರು. ಇವರು ಮೊದಲು ಕೂಗದಿದ್ದರೆ ಅಹಮದಾಬಾದಿನ ತಂಡ ಪಡ್ರೆಯ ದಾರಿ ಹಿಡಿಯುತ್ತಲೂ ಇರಲಿಲ್ಲ.

ಇಲ್ಲಿ ಎದುರಾಳಿಯ ಒಂದು ಮಾತನ್ನು ಒಪ್ಪಲೇಬೇಕು. ಪ್ರಬಂಧ ಬೇಡವೆಂದು ನಾನು ಹೇಳುತ್ತಿಲ್ಲ. ಹಳ್ಳಿಯ ವೈದ್ಯನ ಮಾತನ್ನು ಕಂಪೆನಿಯ ವಕೀಲ ಹುಸಿಯೆಂದು ತಳ್ಳಬಹುದು. ಪರಿಶೀಲನೆಗೆ ಒಳಗಾಗಿ ಅಚ್ಚಾದ ಪ್ರಬಂಧವನ್ನು ಅಷ್ಟು ಸುಲಭವಾಗಿ ತಳ್ಳಲಾಗದು. ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಬೇಕೆಂದು 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ತೀರ್ಮಾನಿಸುವ ಮುಂಚೆ ಹಲವು ವರ್ಷ ತಜ್ಞರ ಸಮಿತಿ ಇಂಥ ಪ್ರಬಂಧಗಳನ್ನೇ ಮುಂದಿಟ್ಟುಕೊಂಡು ಚರ್ಚಿಸಿತು. 2011ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ದೇಶದಲ್ಲಿ ಅದರ ಬಳಕೆಗೆ ತಡೆ ಹಾಕಿತು. ಅಂದರೆ ಉಲ್ಲೇಖದಲ್ಲಿಯೂ ಎರಡು ಜಾತಿ. ಬಡ್ತಿಗಾಗಿ ಒಬ್ಬರನ್ನೊಬ್ಬರು ಹೆಸರಿಸಿಕೊಳ್ಳುವುದು ಒಂದು. ಸಮಿತಿ, ಕೋರ್ಟು, ಪಂಚಾಯತು ಕೈಗೆತ್ತಿಕೊಂಡು ವಿಷವನ್ನು ನಿಲ್ಲಿಸುವುದು ಇನ್ನೊಂದು. ಸೂಚಿಯ ಯಂತ್ರಕ್ಕೆ ಮೊದಲನೆಯದು ಚೆನ್ನಾಗಿ ಕಾಣುತ್ತದೆ. ಎರಡನೆಯದಕ್ಕೆ ಅದು ಹೆಚ್ಚುಕಡಿಮೆ ಕುರುಡು.

ಎರಡನೆಯದೂ ಕೊನೆಯ ಮೆಟ್ಟಿಲಲ್ಲ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟು ಕೇರಳ ಸರ್ಕಾರಕ್ಕೆ 2017ರ ಜನವರಿಯಲ್ಲಿ ಹೇಳಿತು. ಐದು ವರ್ಷ ಕಳೆದು 2022ರ ಮೇಯಲ್ಲಿ ಅದೇ ಕೋರ್ಟು ವಿಳಂಬಕ್ಕಾಗಿ ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು. ಪ್ರಬಂಧದಿಂದ ತೀರ್ಪಿಗೆ, ತೀರ್ಪಿನಿಂದ ಮನೆಬಾಗಿಲಿಗೆ ಎಷ್ಟು ದೂರವೆಂದು ಕಾಸರಗೋಡಿನ ತಾಯಂದಿರು ಹಾಸಿಗೆ ಹಿಡಿದ ಮಕ್ಕಳ ಪಕ್ಕದಲ್ಲಿ ಕೂತು ಲೆಕ್ಕ ಹಾಕಿದ್ದಾರೆ.

ಇನ್ನೊಂದು ಆಕ್ಷೇಪವೂ ಬರುತ್ತದೆ. ವಿಜ್ಞಾನಿಯ ಕೆಲಸ ಸತ್ಯವನ್ನು ಕಂಡುಹಿಡಿಯುವುದು, ಅದನ್ನು ಊರಿಗೆ ಮುಟ್ಟಿಸುವುದು ಸರ್ಕಾರದ ಕೆಲಸ ಎಂದು. ಸೊಗಸಾದ ವಿಭಾಗ! ಆದರೆ ವಿಜ್ಞಾನಿಗಳ ಸ್ವಂತ ನೀತಿಸಂಹಿತೆಯೇ ಇದನ್ನು ಒಪ್ಪುವುದಿಲ್ಲ. ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಗೆ ಧರ್ಮಗ್ರಂಥವೆನಿಸಿದ ಹೆಲ್ಸಿಂಕಿ ಘೋಷಣೆಯ 2013ರ ಪಾಠದಲ್ಲಿ, ಅಧ್ಯಯನಕ್ಕೆ ಒಳಗಾದ ಎಲ್ಲರಿಗೂ ಅದರ ಒಟ್ಟು ಫಲಿತಾಂಶವನ್ನು ತಿಳಿದುಕೊಳ್ಳುವ ಅವಕಾಶ ಇರಬೇಕೆಂದು ಬರೆದಿದೆ. ಜನರಿಗೆ ಅರ್ಥವಾಗುವ ಭಾಷೆಯಲ್ಲಿ ಸಮ್ಮತಿ ಪಡೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿ ಹೇಳುತ್ತದೆ. ರಕ್ತ ತೆಗೆಯುವಾಗ ಭಾಷೆ ಬೇಕು, ಫಲ ಹೇಳುವಾಗ ಬೇಡವೇ? ಆಂಧ್ರದ ಅಗಳಿಯಲ್ಲಿ ತೆಲುಗು ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಕನ್ನಡದ ಅಜ್ಜಿ, ಕೇರಳದ ಪಡ್ರೆಯಲ್ಲಿ ಮಲಯಾಳದ ಪತ್ರಕ್ಕೆ ಸಹಿ ಹಾಕುವ ಕನ್ನಡ, ತುಳು ಮನೆಯ ತಾಯಿ: ಇವರಿಗೆ ಏನು ಅರ್ಥವಾಯಿತೆಂದು ಕೇಳುವ ಹೊಣೆ ಯಾರದು?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಬಿಡಿಸಿಯೇ ಇಡುತ್ತೇನೆ. ಗಡಿಯ ಯಾವ ಊರಲ್ಲಿ ಆರೋಗ್ಯ ಅಧ್ಯಯನ ನಡೆದರೂ ಅದರ ಫಲಿತಾಂಶದ ಒಂದು ಹಾಳೆ ಆ ಊರಿನ ಮನೆಮಾತಿನಲ್ಲಿ ಅಚ್ಚಾಗಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಪ್ರಶ್ನೆಗಳಿಗೆ ಸಂಶೋಧಕರೇ ನಿಂತು ಉತ್ತರಿಸಬೇಕು. ನೀತಿ ಸಮಿತಿಗಳು ಆ ಹಾಳೆ ಕಾಣದೆ ಕಡತ ಮುಚ್ಚಬಾರದು. ಬಡ್ತಿ ಕೊಡುವವರು ಇಂಪ್ಯಾಕ್ಟ್ ಫ್ಯಾಕ್ಟರಿನ ಪಕ್ಕದಲ್ಲಿ ಆ ಹಾಳೆಗೂ ಒಂದು ಅಂಕಣ ತೆರೆಯಬೇಕು. ಪ್ರಬಂಧಗಳನ್ನು ಪತ್ರಿಕೆಯ ಅಂಕದಿಂದ ಅಳೆಯಬೇಡಿ, ಅವುಗಳ ಒಳಗಿನ ಸತ್ವದಿಂದ ಅಳೆಯಿರಿ ಎಂದು 2012ರ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಯಲ್ಲಿ ವಿಜ್ಞಾನಿಗಳೇ ಕೇಳಿಕೊಂಡಿರುವಾಗ ಇದೇನೂ ಅತಿಯಾಸೆಯಲ್ಲ. ಪಾವಗಡಕ್ಕೂ ಮಡಕಶಿರಕ್ಕೂ, ಬಳ್ಳಾರಿಗೂ ರಾಯದುರ್ಗಕ್ಕೂ ಕುಡಿಯುವ ನೀರಿನ ಲೆಕ್ಕ ಒಂದೇ ಪುಸ್ತಕದಲ್ಲಿರಲಿ. ಎರಡು ರಾಜ್ಯಗಳ ಅಧಿಕಾರಿಗಳು ವರ್ಷಕ್ಕೊಮ್ಮೆ ಒಂದೇ ಜಮಖಾನದ ಮೇಲೆ ಕೂತು ಅದನ್ನು ತಾಳೆ ನೋಡಲಿ.

ಕೊನೆಯ ಬೇಡಿಕೆ ನಮ್ಮ ನಮ್ಮ ವಾರ್ಷಿಕಾಂಕಗಳಿಗೆ. ಕಥೆಗೆ ಪುಟ ಕೊಡುತ್ತೀರಿ, ಕವಿತೆಗೆ ಕೊಡುತ್ತೀರಿ, ಗಡಿ ಸಮಸ್ಯೆಗೂ ಕೊಡುತ್ತೀರಿ. ಇನ್ನು ಮುಂದೆ ನಾಲ್ಕು ಪುಟ ಇದಕ್ಕೂ ಮೀಸಲಿಡಿ: ಈ ವರ್ಷ ನಮ್ಮ ಊರುಗಳ ಬಗ್ಗೆ ಇಂಗ್ಲಿಷಿನಲ್ಲಿ ಅಚ್ಚಾದ ಆರೋಗ್ಯ ಪ್ರಬಂಧಗಳೇನು, ಅವು ಏನು ಹೇಳುತ್ತವೆ, ನಾವು ಮಾಡಬೇಕಾದದ್ದೇನು ಎಂದು ಒಂದು ಕಡೆ ಕನ್ನಡದಲ್ಲಿ, ಎದುರು ಪುಟದಲ್ಲಿ ಮಲಯಾಳದಲ್ಲಿ. ಎರಡು ಭಾಷೆಗಳನ್ನು ಒಂದೇ ಹೊದಿಕೆಯೊಳಗೆ ಕೂರಿಸಿದ ಪತ್ರಿಕೆಗೆ ಇದು ಹೊಸ ಕಸರತ್ತಲ್ಲ. ಭಾಷಾಂತರಿಸಬಲ್ಲ ಮೇಷ್ಟ್ರು, ಟೀಚರುಗಳು ಎರಡೂ ಗಡಿಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವೈದ್ಯರೊಬ್ಬರು ಜತೆಗಿದ್ದು ತಪ್ಪು ತಿದ್ದಿದರೆ ಸಾಕು.

ಅಂಥ ಪುಟಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಇರುವುದಿಲ್ಲ. ಆದರೆ ಅದನ್ನು ಓದಿದ ರೊಳ್ಳದ ಒಬ್ಬ ತಾಯಿ ಬೋರ್‌ವೆಲ್ಲಿನ ಕೊಡವನ್ನು ಬಟ್ಟೆ ಒಗೆಯಲು ಇಟ್ಟು, ಮಳೆನೀರಿನ ಕೊಡವನ್ನು ಮಗುವಿಗೆ ಎತ್ತಿಟ್ಟರೆ, 1937ರ ಪ್ರಬಂಧ ಕೊನೆಗೂ ಸೇರಬೇಕಾದ ಮನೆಗೆ ಸೇರಿತು ಎನ್ನಬಹುದು.